ಹಾಸಿಗೆಯಲ್ಲೇ ಜಳಕ

ಆಳಂದದ ಬಜಾರಿನ ಹಿಂದಿನ ಓಣಿಯಲ್ಲಿ ಗುರುಶಾಂತಮ್ಮನನ್ನು ಜನ ಬೆನ್ನ ಹಿಂದೆ ‘ಫೌಜದಾರತಿ’, ಅಂದರೆ ಪೊಲೀಸಮ್ಮ, ಎಂದು ಕರೆಯುತ್ತಿದ್ದರು. ಹಾಲಿನವನ ಎದುರಿಗೇ ಹಾಲಿನಲ್ಲಿ ಬೆರಳದ್ದಿ, ಉಗುರಿನ ಮೇಲೆ ಹನಿ ನಿಲ್ಲುತ್ತದೋ ಜಾರುತ್ತದೋ ನೋಡದೆ ಆಕೆ ಪಾತ್ರೆ ಒಳಗೆ ಒಯ್ಯುತ್ತಿರಲಿಲ್ಲ. ಬಾಗಿಲಿಗೆ ಬೀಗ ಹಾಕಿದರೆ ಜಗ್ಗಿ ನೋಡುವಳು. ಓಣಿಯ ತಿರುವಿನವರೆಗೆ ಹೋದವಳು ತಿರುಗಿ ಬಂದು ಮತ್ತೆ ಜಗ್ಗುವಳು. ಊಟಕ್ಕೆ ಕರೆದವರ ಮನೆಗೆ ಹೋದರೂ, ಇವರು ಯಾಕೆ ಕರೆದರು ಎಂದು ಹೋಳಿಗೆ ಮುರಿಯುತ್ತಲೇ ಯೋಚಿಸುವಳು. ಜನ ಇಟ್ಟ ಹೆಸರು ಆಕೆಯ ಕಿವಿಗೂ ಬಿದ್ದಿತ್ತು. ಬಿದ್ದರೂ ಸಿಟ್ಟು ಬಂದಿರಲಿಲ್ಲ. ಒಳಗೊಳಗೇ ತುಸು ಹೆಮ್ಮೆಯೇ ಇತ್ತು.

ಈ ಗುಣ ಹುಟ್ಟಿನಿಂದ ಬಂದದ್ದಲ್ಲ. ಆಕೆಯ ತವರು ಮಾದನಹಿಪ್ಪರಗಾ. ಅಪ್ಪ ಎಲ್ಲರನ್ನೂ ನಂಬುವ ಮನುಷ್ಯ. ಹಾಗೆ ನಂಬಿದ ದಾಯಾದಿಗಳೇ ಬಾವಿಯಿದ್ದ ಹೊಲವನ್ನು ತಮ್ಮದೆಂದು ಹಿಡಿದುಕೊಂಡರು. ಅಪ್ಪ ಜಗಳವಾಡಲಿಲ್ಲ. ಒಂದು ಮಧ್ಯಾಹ್ನವೆಲ್ಲ ಆ ಹೊಲದ ಬದುವಿನ ಮೇಲೆ ಕೂತಿದ್ದು, ಸಂಜೆಗೆ ಎದ್ದು ಮನೆಗೆ ಬಂದ. ಬುತ್ತಿ ಕಟ್ಟಿಕೊಂಡು ಹೋಗಿದ್ದ ಮಗಳು ಅವನ ಮುಖ ನೋಡಿದ್ದಳು. ಅಂದಿನಿಂದ ಆಕೆ ಯಾರನ್ನೂ ಪೂರ್ತಿ ನಂಬಿದ್ದಿಲ್ಲ.

ನಂಬಿದ್ದರೆ ಗಂಡ ಶಾಂತಲಿಂಗಪ್ಪನನ್ನು ಮಾತ್ರ. ಅವನದು ರೈತರ ತೊಗರಿ, ಜೋಳ ಮಾರಿಸಿಕೊಡುವ ಅಡತಿ ಅಂಗಡಿ. ದೊಡ್ಡ ಗಂಟಲಿನ, ದೊಡ್ಡ ನಗೆಯ ಮನುಷ್ಯ. ಮಾಲಿನ ಹರಾಜಿಗೆ ಸವಾಲು ಕೂಗಲು ಅವನು ನಿಂತನೆಂದರೆ ಬಸ್ ನಿಲ್ದಾಣದಲ್ಲಿದ್ದವರಿಗೂ ಅಂದಿನ ದರ ಗೊತ್ತಾಗುತ್ತಿತ್ತು. ಹೆಂಡತಿಯ ಸಂಶಯಕ್ಕೆ ಅವನು ನಗುತ್ತಿದ್ದ. “ನೀ ಅನುಮಾನ ಮಾಡು, ನಾ ವ್ಯಾಪಾರ ಮಾಡ್ತೇನಿ. ಇಬ್ಬರಿಗೂ ಕೆಲಸ ಅದ,” ಎನ್ನುತ್ತಿದ್ದ.

ಎಂಬತ್ತೆರಡನೆಯ ಇಸವಿಯ ಸುಗ್ಗಿಯಲ್ಲಿ, ಧೋತರ ಉಟ್ಟುಕೊಳ್ಳುತ್ತಿದ್ದ ಶಾಂತಲಿಂಗಪ್ಪ ನಿಂತಲ್ಲೇ ಕುಸಿದ. ಲಕ್ವಾ ಹೊಡೆದಿತ್ತು. ಗುಲಬರ್ಗಾದ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು ಮನೆಗೆ ಬರುವ ಹೊತ್ತಿಗೆ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಒಂದೇ ಒಂದು ಮಾತು ಉಳಿದಿತ್ತು: ‘ಬ್ಯಾಡ’. ಹಸಿವಾದರೂ ಬ್ಯಾಡ, ಹೊಟ್ಟೆ ತುಂಬಿದರೂ ಬ್ಯಾಡ. ನೋಡಲು ಬಂದ ಮಗಳು ಸೊಲ್ಲಾಪುರಕ್ಕೆ ಹೊರಟು ನಿಂತಾಗ ಕಣ್ಣೀರು ಸುರಿಸುತ್ತ ಹೇಳಿದ್ದೂ ಅದನ್ನೇ. ಮಿದುಳಿನಲ್ಲಿ ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿದೆ, ಅವರು ಹೇಳಬೇಕೆಂದದ್ದು ಬೇರೆ ಇರುತ್ತದೆ, ಬಾಯಿಗೆ ಬರುವುದು ಇದೊಂದೇ ಎಂದು ಊರಿನ ಭಗವಂತ ಡಾಕ್ಟರು ಬಿಡಿಸಿ ಹೇಳಿದ್ದರು.

ಅಂಗಡಿಯನ್ನು ಮೈದುನ ನೋಡಿಕೊಂಡ. ಗಂಡನನ್ನು ಗುರುಶಾಂತಮ್ಮ ನೋಡಿಕೊಂಡಳು. ಕೈಗೆ ಆಸರೆಯೆಂದು ಅಂಗಡಿಯಲ್ಲಿ ಚೀಲ ಹೊರುತ್ತಿದ್ದ ದಶರಥ ಮನೆಗೇ ಬಂದು ಇದ್ದ. ಊಟಕ್ಕೆ ಕೂರಿಸುವುದು, ಮಗ್ಗುಲು ಬದಲಿಸುವುದು ನಡೆದುಹೋಗುತ್ತಿತ್ತು. ಜಳಕದ ಹೊತ್ತು ಬಂದರೆ ಮಾತ್ರ ಮನೆ ರಣರಂಗವಾಗುತ್ತಿತ್ತು. ಗುರುಶಾಂತಮ್ಮ ಬಿಸಿನೀರಿನ ಬೋಗುಣಿ ತಂದಿಟ್ಟ ಕೂಡಲೇ ಶಾಂತಲಿಂಗಪ್ಪ “ಬ್ಯಾಡ, ಬ್ಯಾಡ” ಎಂದು ಶುರುಮಾಡುತ್ತಿದ್ದ. ಕೈ ಎತ್ತಿದರೆ ಕೂಗು, ಹೊರಳಿಸಿದರೆ ಕೂಗು. ನೀರು ಸುಟ್ಟಿತೇ ಎಂದು ಆರಿಸಿ ತಂದಳು. ಚಳಿಯೇ ಎಂದು ಕಾಯಿಸಿ ತಂದಳು. ಕೊನೆಗೆ ಅವಳಿಗೆ ಅನಿಸಿದ್ದು ಒಂದೇ: ಇವರಿಗೆ ತನ್ನ ಕೈಯೇ ಬೇಡವಾಗಿದೆ. ಹಾಗೆ ಅನಿಸಿದ ದಿನ ಅವಳು ಬಚ್ಚಲಮನೆಯಲ್ಲಿ ಕೂತು ಅತ್ತಳು. ಜಳಕ ದಿನ ಬಿಟ್ಟು ದಿನವಾಯಿತು, ಆಮೇಲೆ ವಾರಕ್ಕೊಮ್ಮೆಯಾಯಿತು. ಸೊಂಟದ ಹತ್ತಿರ ಚರ್ಮ ಕೆಂಪಾಗಿ, ಸುಲಿಯುವ ಹಾಗೆ ಕಂಡಿತು.

ಭಗವಂತ ಡಾಕ್ಟರು ಅದನ್ನು ನೋಡಿ ಮುಖ ಸಿಂಡರಿಸಿದರು. “ಇದು ಹುಣ್ಣಾದ್ರ ಮಾಯೂದು ಕಠಿಣ ಆಗ್ತದ ನೋಡ್ರಿ. ದರ್ಗಾದ ಕಡಿ ಓಣ್ಯಾಗ ನಜಮುನ್ನಿಸಾ ಅಂತ ನರ್ಸ ಅದಾಳ. ಕಲತಾಕಿ. ದಿನಾ ಮುಂಜಾನೆ ಬಂದು ಹಾಸಿಗ್ಯಾಗೇ ಮೈ ಒರೆಸಿ ಹೋಗ್ತಾಳ.”

ನಜಮುನ್ನಿಸಾ ಜೇವರ್ಗಿಯ ಕಡೆಯವಳು. ಸೊಲ್ಲಾಪುರದಲ್ಲಿ ನರ್ಸಿನ ಕೆಲಸ ಕಲಿತು ಅಲ್ಲೇ ಕೆಲವು ವರ್ಷ ದುಡಿದಿದ್ದಳು. ಗಂಡ ತೀರಿಕೊಂಡ ಮೇಲೆ, ಆಳಂದದಲ್ಲಿ ದರ್ಜಿಯಾಗಿದ್ದ ಅಪ್ಪ ಶರಫುದ್ದೀನನ ಹತ್ತಿರ ಬಂದಿದ್ದಳು. ಎತ್ತರದ, ಮಾತು ಕಡಿಮೆಯ ಹೆಂಗಸು. ಊರಿನವರು ‘ನರ್ಸಬಾಯಿ’ ಎನ್ನುತ್ತಿದ್ದರು.

ಮೊದಲ ದಿನ ಬಂದವಳೇ ಆಕೆ ಹೇಳಿದ್ದು, “ಅಕ್ಕಾರ, ಮೊದಲ ಸಾವುಕಾರರ ಕೊರಳಾಗಿನ ಲಿಂಗ ನೀವು ಎತ್ತಿ ಹೆಗಲಿಗಿ ಕಟ್ರಿ. ತೊಯ್ಯಬಾರದು. ನಾ ಮುಟ್ಟೂದಿಲ್ರಿ.”

ಮರ್ಯಾದೆಯ ಮಾತು. ಆದರೆ ಗುರುಶಾಂತಮ್ಮನ ತಲೆಯಲ್ಲಿ ಹುಳ ಹೊಕ್ಕಿತು. ಇದೆಲ್ಲ ಇವಳಿಗೆ ಹೇಗೆ ಗೊತ್ತು? ಎಷ್ಟು ಮನೆಗಳ ಒಳಗೆ ಹೊಕ್ಕು ಬಂದಿದ್ದಾಳೆ? ಆ ಮನೆಗಳ ಮಾತು ಈ ಮನೆಗೆ ತಂದರೆ, ಈ ಮನೆಯ ಮಾತನ್ನು ಎಲ್ಲಿಗೆ ಒಯ್ಯುತ್ತಾಳೆ?

ಲಿಂಗವನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ ಗಂಡನ ಎಡಹೆಗಲಿಗೆ ಕಟ್ಟಿದ ಮೇಲೆ ಗುರುಶಾಂತಮ್ಮ ಅಲ್ಲೇ ಗೋಡೆಗೆ ಒರಗಿ ನಿಂತಳು. ನಜಮುನ್ನಿಸಾ ಪಡಸಾಲೆಯ ಕಡೆ ನೋಡಿದಳು. ಅಲ್ಲಿ ಯೋಗಕ್ಷೇಮ ಕೇಳಲು ಬಂದ ಬಜಾರಿನ ಇಬ್ಬರು ಕೂತಿದ್ದರು.

“ನೀವು ಅವರ ಕಡಿ ಹೋಗ್ರಿ ಅಕ್ಕಾರ. ನಾ ಬಾಗಲಾ ಹಾಕ್ಕೋತೇನಿ.”

ಬಾಗಿಲು ಮುಚ್ಚಿತು. ಒಳಗಿನಿಂದ ನೀರು ಹಿಂಡುವ ಸದ್ದು ಬಂತು. ನಡುನಡುವೆ ನರ್ಸಬಾಯಿಯ ಮೆಲುದನಿ, ಪಿಸಪಿಸ ಎಂದು, ಏನೆಂದು ತಿಳಿಯದ ಹಾಗೆ. ಗುರುಶಾಂತಮ್ಮ ಕಿವಿ ನಿಮಿರಿಸಿ ಕಾದಳು. ‘ಬ್ಯಾಡ’ ಎಂಬ ಕೂಗು ಬರಲೇ ಇಲ್ಲ. ಬಾಗಿಲು ತೆರೆದಾಗ ಶಾಂತಲಿಂಗಪ್ಪ ಒಗೆದ ದುಪ್ಪಟಿ ಹೊದ್ದು, ಹಣೆ ಸಡಿಲಿಸಿ, ಅರೆಗಣ್ಣು ಮುಚ್ಚಿ ಮಲಗಿದ್ದ.

ಯಾರಾದರೂ ಸಂತೋಷಪಡುವ ಮಾತು. ಗುರುಶಾಂತಮ್ಮನಿಗೆ ಮಾತ್ರ ಅನುಮಾನದ ಕಿಡಿ ಹೊತ್ತಿತು.

ನೆರೆಮನೆಯ ಚಂದಮ್ಮ ಅದಕ್ಕೆ ಗಾಳಿ ಹಾಕಿದಳು. ಅವಳು ಹಿತ್ತಿಲ ಗೋಡೆಗೆ ಮೊಣಕೈಯೂರಿ ಕೇಳಿದಳು, “ನಿನ್ನ ಕೈಗಿ ಒದರೂ ಮನಿಷ್ಯಾ ಆಕಿ ಕೈಗಿ ಹ್ಯಾಂಗ ಸುಮ್ಕಾದ ಬೇ? ಏನರ ಕುಡಸ್ತಾಳೇನು? ಇಲ್ಲಾ ಮಂತ್ರಾ ಊದ್ತಾಳೇನು? ಕಿಂವ್ಯಾಗ ಏನೋ ಅಂತಾಳ ಅಂದಿ.”

“ಅಂತಾಳ. ನಾನೇ ಕೇಳೀನಿ.”

“ಮತ್ತ? ಬಾಗಲಾ ಯಾಕ ಹಾಕ್ಕೋಬೇಕು?”

ಅಂದಿನಿಂದ ಗುರುಶಾಂತಮ್ಮ ಕಾವಲು ಕೂತಳು. ನರ್ಸಬಾಯಿ ಹೋದ ಮೇಲೆ ಬೋಗುಣಿಯಲ್ಲಿ ಉಳಿದ ನೀರನ್ನು ಮೂಸಿ ನೋಡಿದಳು. ಬೇವಿನ ವಾಸನೆ ಬಂತು, ಬೇವಿನ ಸೊಪ್ಪು ಹಾಕಿ ಕುದಿಸಿದವಳು ತಾನೇ. ಹಾಸಿಗೆಯ ಕೆಳಗೆ ತಾಯತವೇನಾದರೂ ಇದೆಯೇ ಎಂದು ತಡಕಿದಳು. ಒಂದು ಸುಪಾರಿ ಚೂರು ಸಿಕ್ಕಿತು, ಅದು ದಶರಥನದು. ಕಡೆಗೆ ಬಾಗಿಲ ಹಲಗೆಗಳ ಸಂದಿಗೆ ಕಣ್ಣಿಟ್ಟಳು. ಕಂಡದ್ದು ಇಷ್ಟೇ: ಗಂಡನ ಮೈ ತುಂಬ ದುಪ್ಪಟಿ ಹೊದೆಸಿದೆ, ಒಂದು ಕಾಲು ಮಾತ್ರ ಹೊರಗಿದೆ, ನರ್ಸಬಾಯಿ ಆ ಕಾಲನ್ನು ಒರೆಸಿ, ಒಣಗಿಸಿ, ಮುಚ್ಚಿದಳು. ಆಮೇಲೆ ಬಾಗಿ ಅವನ ಕಿವಿಯ ಹತ್ತಿರ ಏನೋ ಅಂದಳು. ಅವನು ತಲೆಯಾಡಿಸಿದ. ತನ್ನ ಹತ್ತಿರ ಎಂದೂ ತಲೆಯಾಡಿಸದವನು! ಗುರುಶಾಂತಮ್ಮನಿಗೆ ಮುಂದಿನದು ಕಾಣಲಿಲ್ಲ, ಕಣ್ಣು ಮಂಜಾಗಿತ್ತು.

ಅದೇ ವಾರ ಅಂಗಿ ಬದಲಿಸುವಾಗ ಆಕೆ ಗಂಡನ ಎರಡೂ ಪಕ್ಕೆಗಳಲ್ಲಿ, ಬಗಲಿನ ಕೆಳಗೆ, ಕಲೆಗಳನ್ನು ಕಂಡಳು. ಒಂದರ ಪಕ್ಕ ಒಂದು ನೀಲಿ ಗೆರೆ, ಹಿಡಿದು ಅಮುಕಿದ ಹಾಗೆ. ಆಕೆಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಸಿಕ್ಕಳು, ಅಂದುಕೊಂಡಳು. ಮುಚ್ಚಿದ ಬಾಗಿಲ ಹಿಂದೆ ಆಕೆ ಮಾಡುವುದು ಇದು, ಹೆದರಿಸಿಯೇ ಸುಮ್ಮನಾಗಿಸಿದ್ದಾಳೆ. ನಾಳೆ ಮುಂಜಾನೆ ಬರಲಿ.

ಆದರೆ ಸಂಜೆ ಭಗವಂತ ಡಾಕ್ಟರು ಕರೆಯದೆಯೇ ಬಂದರು. ಶಾಂತಲಿಂಗಪ್ಪನ ಪಕ್ಕೆ ನೋಡಿದರು, ಚಹಾ ಬೇಡವೆಂದರು, ಆಮೇಲೆ ಗುರುಶಾಂತಮ್ಮನ ಮುಖ ನೋಡದೆ ಕೇಳಿದರು, “ರೋಗಿ ಸೇವಾ ಮಾಡೂದು ಭಾಳ ದಣಿವಿನ ಕೆಲಸ. ಮನ್ಯಾಗ ಯಾರಿಗರ ಸಿಟ್ಟು ಬರ್ತದೇನ್ರಿ? ಒಮ್ಮೊಮ್ಮೆ ಕೈ ಗಟ್ಟಿಯಾಗಿ ಬೀಳ್ತದ...”

ಗುರುಶಾಂತಮ್ಮನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಮೈಯೆಲ್ಲ ಉರಿಯಿತು. ಜೀವಮಾನವಿಡೀ ಆಕೆ ಇತರರನ್ನು ನೋಡಿದ ಕಣ್ಣಿನಿಂದ ಈಗ ಒಬ್ಬರು ಆಕೆಯನ್ನು ನೋಡುತ್ತಿದ್ದರು.

“ನರ್ಸಬಾಯಿ ಹೇಳ್ಯಾಳೇನ್ರಿ?” ಎಂದಳು.

ಡಾಕ್ಟರು ಚೀಲ ಎತ್ತಿಕೊಂಡರು.

ಮರುದಿನ ನಜಮುನ್ನಿಸಾ ಚಪ್ಪಲಿ ಬಿಡುವ ಮೊದಲೇ ಗುರುಶಾಂತಮ್ಮ ಹೊಸ್ತಿಲಿಗೆ ಅಡ್ಡ ನಿಂತಳು. ಅಂಗಳದ ಗೋಡೆಯ ಮೇಲೆ ಚಂದಮ್ಮನ ತಲೆ ಆಗಲೇ ಎದ್ದಿತ್ತು.

“ಬಾಗಲಾ ಹಾಕ್ಕೊಂಡು ನನ್ನ ಗಂಡನ ಪಕ್ಕಡಿ ನೀಲಿ ಮಾಡಿ, ನನ್ನ ಮ್ಯಾಲೇ ಹಾಕ್ತೀ ಏನು?”

ನಜಮುನ್ನಿಸಾ ದನಿ ಏರಿಸಲಿಲ್ಲ. “ಕಲೆ ನಾ ಮಾಡಿಲ್ರಿ ಅಕ್ಕಾರ. ನೋಡಿದ್ದು ಖರೇ. ನೋಡಿ ಸುಮ್ಕಿದ್ರ ನಾಳಿ ನನ್ನ ಮ್ಯಾಲ ಬರ್ತದಂತ ಡಾಕ್ಟರಿಗಿ ಹೇಳೀನಿ. ಹಿಂದ ಒಂದು ಮನ್ಯಾಗ ಹಂಗೇ ಆಗಿತ್ತು.”

“ಅಂದ್ರ ನಾ ಹೊಡದೀನಿ ಅಂತಿ?”

“ಹಂಗ ಅಂದಿಲ್ರಿ. ಆದ್ರ ನಿಮ್ಮ ಮ್ಯಾಲ ಸಂಶೆ ಬಂದಿಲ್ಲ ಅಂತ ಸುಳ್ಳ ಹೇಳಲ್ರಿ.”

ಗುರುಶಾಂತಮ್ಮ ತಿರುಗಿ, ತೆರೆದ ಬಾಗಿಲಿನಿಂದ ಮಂಚದ ಕಡೆಗೆ ಕೂಗಿದಳು, “ಏನ್ರಿ, ಈಕಿ ಬೇಕೇನ್ರಿ ನಿಮಗ?”

“ಬ್ಯಾಡ,” ಎಂದ ಶಾಂತಲಿಂಗಪ್ಪ.

“ಕೇಳಿದಿ? ಅವರೇ ಹೇಳ್ಯಾರ. ನಡಿ.”

ಆ ಮಾತಿಗೆ ಎಷ್ಟು ಬೆಲೆಯೆಂಬುದು ಮನೆಯಲ್ಲಿ ಎಲ್ಲರಿಗಿಂತ ಆಕೆಗೇ ಚೆನ್ನಾಗಿ ಗೊತ್ತಿತ್ತು. ಹಿಂದಿನ ದಿನ ಮಾವಿನಹಣ್ಣಿನ ಹೋಳನ್ನು ಚಪ್ಪರಿಸುತ್ತ ಅವನು ಅದನ್ನೇ ಹೇಳಿದ್ದ. ಆದರೆ ಅಂದು ಆಕೆಗೆ ಅದು ಸಾಕ್ಷಿಯಾಗಿ ಬೇಕಿತ್ತು, ಬಳಸಿಕೊಂಡಳು. ನಜಮುನ್ನಿಸಾ ಒಳಗೆ ಮಲಗಿದ್ದವನ ಕಡೆ ಒಮ್ಮೆ ನೋಡಿ, ಬಂದ ದಾರಿಯಲ್ಲೇ ಹೋದಳು. ಮಧ್ಯಾಹ್ನದೊಳಗೆ ಓಣಿಯಲ್ಲೆಲ್ಲ ಸುದ್ದಿಯಾಯಿತು: ನರ್ಸಬಾಯಿ ಸಾವುಕಾರರನ್ನು ಚಿವುಟುತ್ತಿದ್ದಳಂತೆ.

ಮತ್ತೆ ಜಳಕ ಗುರುಶಾಂತಮ್ಮನ ಕೈಗೆ ಬಂತು. ಮತ್ತೆ ಕೂಗು ಶುರುವಾಯಿತು. ಹಲ್ಲು ಕಚ್ಚಿ ಮಾಡಿದಳು. ಹಳೆಯ ಕಲೆಗಳು ಹಳದಿಗೆ ತಿರುಗಿ ಮಾಯುವುದನ್ನು ದಿನವೂ ನೋಡಿ, ತಾನು ಹೇಳಿದ್ದು ಸರಿ ಎಂದು ಚಂದಮ್ಮನಿಗೆ ವರದಿ ಕೊಟ್ಟಳು. ವರದಿ ಕೊಟ್ಟ ಬೆನ್ನಿಗೇ, ಅದೇ ಜಾಗದ ಕೆಳಗೆ, ಹೊಸ ಗೆರೆಗಳು ಮೂಡಿದವು.

ಈಗ ಮನೆಯಲ್ಲಿ ನರ್ಸಬಾಯಿ ಇರಲಿಲ್ಲ. ಉಳಿದವನು ದಶರಥ.

ಆಕೆ ಅವನನ್ನು ಅಂಗಳಕ್ಕೆ ಕರೆದಳು. “ಲೇ ದಶರಥಾ, ಖರೇ ಹೇಳು. ಸಾವುಕಾರರನ್ನ ಎತ್ತುವಾಗ ಸಿಟ್ಟಿಲೆ ಹಿಡಿತಿ ಹೌದಲ್ಲೋ? ಚೀಲ ಎತ್ತಿದಂಗ ಎತ್ತಿ ಕಲೆ ಮಾಡೀದಿ.”

ದಶರಥ ಬೆಪ್ಪಾಗಿ ನಿಂತ. ಇಪ್ಪತ್ತು ವರ್ಷದ ಅನ್ನ ಉಂಡ ಮನುಷ್ಯ; ಅವನ ಕಣ್ಣು ತುಂಬಿತು. “ಅವ್ವಾರ, ನಾ ಕಾಲ ಕಡಿ ಹಿಡಿತೇನ್ರಿ. ಬಗಲಾಗ ಕೈ ಹಾಕಿ ಎತ್ತಾವರು ನೀವೇ ಅಲ್ಲೇನ್ರಿ? ನಾ ಮ್ಯಾಲಿನ ಕಡಿ ಎಂದೂ ಮುಟ್ಟಿಲ್ರಿ.”

ಅವನು ಹೇಳಿದ್ದು ನಿಜವಾಗಿತ್ತು. ದಿನಕ್ಕೆ ಹಲವು ಸಲ, ಊಟಕ್ಕೆ, ಚಹಾಕ್ಕೆ, ಹಾಸಿಗೆ ಸರಿಮಾಡಲು, ಗಂಡನ ಬಗಲುಗಳಲ್ಲಿ ಎರಡೂ ಕೈ ಹಾಕಿ ಮೇಲೆಳೆದು ದಿಂಬಿಗೆ ಒರಗಿಸುತ್ತಿದ್ದವಳು ಆಕೆಯೇ.

ಗುರುಶಾಂತಮ್ಮ ಒಳಗೆ ಹೋದಳು. ಗಂಡನ ಅಂಗಿ ಎತ್ತಿ, ಎತ್ತುವಾಗ ಹಿಡಿಯುವ ಹಾಗೆಯೇ ಮುಂಗೈಯನ್ನು ಬಗಲಿನ ಕೆಳಗೆ, ಮುಟ್ಟಿಯೂ ಮುಟ್ಟದ ಹಾಗೆ ಇಟ್ಟಳು. ಮದುವೆಯಲ್ಲಿ ಇಟ್ಟ ಬಂಗಾರದ ಪಾಟ್ಲಿಗಳು, ಆ ಅಗಲ ಬಳೆಗಳ ಅಂಚಿಗೆ ಕೊರೆದ ಹೂವಿನ ಸಾಲು, ನಡುವೆ ಹಸಿರು ಗಾಜಿನ ಬಳೆ. ಗೆರೆಗಳ ಮೇಲೆ ಪಾಟ್ಲಿಗಳ ಅಂಚು ಸರಿಯಾಗಿ ಕೂತಿತು. ಆಸ್ಪತ್ರೆಯಿಂದ ಬಂದ ಮೇಲೆ ಅವನ ಮೈ ಸೊರಗಿತ್ತು, ಚರ್ಮ ತೆಳುವಾಗಿತ್ತು. ಮೊದಲಿನ ದಪ್ಪ ಮೈಯಾಗಿದ್ದರೆ ಒತ್ತಿದ್ದು ಗೊತ್ತೂ ಆಗುತ್ತಿರಲಿಲ್ಲ.

“ನನ್ನ ಕೈಲೇ ಆಗ್ಯಾವೇನ್ರಿ ಇವು?” ಎಂದಳು.

ಶಾಂತಲಿಂಗಪ್ಪ ಬಹಳ ಹೊತ್ತು ಅವಳನ್ನೇ ನೋಡಿದ. ಅಂಗಡಿಯಲ್ಲಿ ಹಳೆಯ ಗಿರಾಕಿ ತಂದ ಮಾಲು ತೂಕದಲ್ಲಿ ತುಸು ಕಡಿಮೆ ಬಿದ್ದರೆ ಮುಖ ಬೇರೆ ಕಡೆ ತಿರುಗಿಸಿ ಬಿಟ್ಟುಬಿಡುತ್ತಿದ್ದನಲ್ಲ, ಹಾಗೆ ಮುಖ ಗೋಡೆಯ ಕಡೆ ಹೊರಳಿಸಿದ. “ಬ್ಯಾಡ,” ಎಂದ, ಮೆಲ್ಲಗೆ.

ಜಗತ್ತಿನ ಪ್ರತಿಯೊಬ್ಬರ ಕೈಯನ್ನೂ ಅನುಮಾನಿಸಿದ್ದ ಗುರುಶಾಂತಮ್ಮ ತನ್ನ ಕೈಯನ್ನು ಮಾತ್ರ ನೋಡಿಕೊಂಡಿರಲಿಲ್ಲ. ಆ ಮಧ್ಯಾಹ್ನ ಆಕೆ ಉಣ್ಣಲಿಲ್ಲ. ದಶರಥನಿಗೆ ತಾನೇ ಎಲೆಯಡಿಕೆ ಕೊಟ್ಟು, ಸಾವುಕಾರರ ಹತ್ತಿರ ಕೂರಿಸಿ, ಸೆರಗು ಹೊದ್ದು ದರ್ಗಾದ ಕಡೆಯ ಓಣಿಗೆ ನಡೆದಳು.

ಮನೆಯ ಮುಂಭಾಗದಲ್ಲಿ ಹೊಲಿಗೆ ಯಂತ್ರದ ಹಿಂದೆ ಶರಫುದ್ದೀನ ಕೂತಿದ್ದ. ಆಕೆಯನ್ನು ನೋಡಿ ಅವನ ಕಾಲು ನಿಂತಿತು, ಯಂತ್ರ ನಿಂತಿತು.

“ಯಾಕ ಬಂದೀರಿ ಬಾಯಿ? ಮತ್ತೇನರ ಆರೋಪ ಉಳದದೇನ್ರಿ? ನನ್ನ ಮಗಳು ಹೊರಗ ಹೋಗೂದೇ ಬಿಟ್ಟಾಳ. ಕರೀತಿದ್ದ ಮನಿಯವರೆಲ್ಲಾ ಬ್ಯಾಡ ಅಂದಾರ.”

ಗುರುಶಾಂತಮ್ಮ ಅಂಗಳದಲ್ಲೇ ನಿಂತಳು. ಅವನು ಒಳಗೆ ಕರೆಯಲಿಲ್ಲ. ಕೊನೆಗೆ ನಜಮುನ್ನಿಸಾಳೇ ಪರದೆ ಸರಿಸಿ ಹೊರಗೆ ಬಂದಳು.

“ತಪ್ಪು ನಂದದ ನರ್ಸಬಾಯಿ,” ಎಂದಳು ಗುರುಶಾಂತಮ್ಮ. ಇಂಥ ಮಾತು ಆಡಿ ರೂಢಿಯಿರದ ನಾಲಿಗೆ, ತಡವರಿಸಿತು. ಸೆರಗಿನಿಂದ ಕೈ ಹೊರಗೆ ಚಾಚಿದಳು. “ಇವೇ ಒತ್ತ್ಯಾವ.”

ನಜಮುನ್ನಿಸಾ ಆ ಕೈ ಹಿಡಿದು ಪಾಟ್ಲಿಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. “ನನಗ ಹೊಳೀಬೇಕಾಗಿತ್ರಿ ಇದು. ನಾನೂ ನಿಮ್ಮ ಮುಖಾನೇ ನೋಡ್ಕೋತ ಕೂತೆ. ಕೈ ನೋಡಲಿಲ್ಲ,” ಎಂದಳು.

“ನಾಳಿ ಬರ್ತೀ?”

“ಅಷ್ಟು ಸರಳ ಇಲ್ರಿ ಅದು.” ನಜಮುನ್ನಿಸಾ ಕೈ ಬಿಟ್ಟಳು. “ನೀವು ಓಣಿ ತುಂಬ ಹೇಳೀರಿ. ಓಣಿ ತುಂಬ ತಿರುಗಿ ಹೇಳಬೇಕು. ಮತ್ತ ನಾ ಇನ್ನ ಒಬ್ಬಾಕಿ ಒಳಗ ಇರೂದಿಲ್ಲ. ನೀವೂ ಮಂಚದ ಆ ಕಡಿ ನಿಂದರಬೇಕು. ಸಂಶೆ ಬಂದ್ರ ಅಲ್ಲೇ, ನನ್ನ ಮುಖಾ ನೋಡಿ ಕೇಳಬೇಕು.”

ಗುರುಶಾಂತಮ್ಮ ಒಪ್ಪಿದಳು. ಮೊದಲ ಮನೆಯಾಗಿ ಚಂದಮ್ಮನ ಮನೆಗೆ ಹೋಗಿ, ಕಲೆ ಮಾಡಿದವಳು ನಾನು ಎಂದಳು. ಚಂದಮ್ಮ ನಂಬಲಿಲ್ಲ, ಆ ನರ್ಸಬಾಯಿ ಏನೋ ಹೆದರಿಕೆ ಹಾಕಿ ಹೀಗೆ ಹೇಳಿಸುತ್ತಿದ್ದಾಳೆ ಎಂದು ಆಮೇಲೆ ಬೇರೆಯವರಿಗೆ ಹೇಳಿದಳಂತೆ. ಉಳಿದ ಮನೆಗಳಲ್ಲಿ ಕೆಲವರು ನಂಬಿದರು, ಕೆಲವರು ನಕ್ಕರು. ಗುರುಶಾಂತಮ್ಮ ಮಾತ್ರ ಒಂದು ಮನೆಯನ್ನೂ ಬಿಡಲಿಲ್ಲ.

ಮರುದಿನ ಜಳಕಕ್ಕೆ ಮೊದಲು ನಜಮುನ್ನಿಸಾ, “ಪಾಟ್ಲಿ, ಬಳಿ ತಗದಿಡ್ರಿ ಅಕ್ಕಾರ,” ಎಂದಳು.

“ಹಾಂ? ಗಂಡ ಜೀವಂತ ಮಲಗ್ಯಾರ, ಅವರ ಮುಂದ ನಾ ಕೈ ಬರಿದು ಮಾಡ್ಕೋಬೇಕಾ?” ಗುರುಶಾಂತಮ್ಮನ ಕಣ್ಣಿನಲ್ಲಿ ಹಳೆಯ ಕಿಡಿ ಹೊತ್ತಿತು. ಇವಳು ಬೇಕೆಂದೇ ಅಪಶಕುನ ಮಾಡಿಸುತ್ತಿದ್ದಾಳೆಯೇ?

ನಜಮುನ್ನಿಸಾ ತುಟಿ ಕಚ್ಚಿಕೊಂಡಳು. “ನನಗ ಅದು ನೆನಪಾಗಲಿಲ್ರಿ. ಸೊಲ್ಲಾಪುರದಾಗ ನಮ್ಮೆಲ್ಲರ ಬಳಿ ತಗಸಿ ಕೆಲಸಕ್ಕ ಬಿಡ್ತಿದ್ರು.”

ಗುರುಶಾಂತಮ್ಮ ಯೋಚಿಸಿ, ಹಳೆಯ ಧೋತರವೊಂದನ್ನು ಹರಿದು, ಪಾಟ್ಲಿ ಬಳೆಗಳನ್ನು ಮೇಲಕ್ಕೇರಿಸಿ, ಮುಂಗೈ ತುಂಬ ಪಟ್ಟಿ ಸುತ್ತಿಕೊಂಡಳು. ಬಳೆಗಳು ಕೈಯಲ್ಲೇ ಇದ್ದವು, ಯಾರನ್ನೂ ಒತ್ತುವ ಹಾಗಿರಲಿಲ್ಲ. ಶಾಂತಲಿಂಗಪ್ಪ ಆ ದಪ್ಪ ಕೈಗಳನ್ನು ನೋಡಿ ಒಂದು ಬದಿಯ ತುಟಿಯಲ್ಲಿ ನಕ್ಕ.

ಅಂದು ಆಕೆ ಮಂಚದ ಆಚೆ ನಿಂತು ಎಲ್ಲವನ್ನೂ ಕಣ್ಣಾರೆ ಕಂಡಳು, ಕಿವಿಯಾರೆ ಕೇಳಿದಳು. ನಜಮುನ್ನಿಸಾ ಅವನ ಕಿವಿಯ ಹತ್ತಿರ ಬಾಗಿ ಅಂದದ್ದು ಇಷ್ಟು: “ಈಗ ಎಡಗೈ ಹಿಡಿತೇನ್ರಿ ಸಾವುಕಾರ್ರ... ಈಗ ಮಾರಿ ಒರೆಸ್ತೇನ್ರಿ... ಈಗ ನಿಮ್ಮನ್ನ ಅಕ್ಕಾರ ಕಡಿ ಹೊಳ್ಳಸ್ತೇನ್ರಿ, ಆಗಬಹುದೇನ್ರಿ?” ಅವನು ತಲೆಯಾಡಿಸಿದ ಮೇಲೆಯೇ ಮುಟ್ಟುತ್ತಿದ್ದಳು.

“ಇಷ್ಟಕ್ಕ ಪಿಸಪಿಸ ಯಾಕ?” ಎಂದು ಗುರುಶಾಂತಮ್ಮ ಕೇಳಿಯೇಬಿಟ್ಟಳು.

“ಪಡಸಾಲ್ಯಾಗ ಮಂದಿ ಕೂತಿರ್ತಾರಲ್ರಿ. ಸಾವುಕಾರರ ಯಾವ ಅಂಗ ತೊಳಿಯಾಕತ್ತೇನಿ ಅಂತ ಬಜಾರಕ್ಕ ಯಾಕ ಕೇಳಬೇಕ್ರಿ? ಬಾಗಲಾ ಹಾಕಿದ್ದೂ ಅದಕ್ಕೇ.”

ಬಿದ್ದುಹೋದ ಬಲಗೈಯನ್ನು ಆಕೆ ಮಣಿಕಟ್ಟಿನಲ್ಲಿ ಹಿಡಿದು ಎಳೆಯಲಿಲ್ಲ. ಒಂದು ಕೈ ಹೆಗಲ ಕೀಲಿನ ಹಿಂದೆ, ಇನ್ನೊಂದು ಮೊಣಕೈಯ ಕೆಳಗೆ ಇಟ್ಟು, ಮಲಗಿದ ಕೂಸನ್ನು ಎತ್ತುವ ಹಾಗೆ ಎತ್ತಿದಳು. ಸತ್ತ ಕೈಗೆ ನೋವೆಲ್ಲಿ ಎಂದು ಅದನ್ನು ಜಗ್ಗಿ ಜಗ್ಗಿ ತೊಳೆದದ್ದು ಗುರುಶಾಂತಮ್ಮನಿಗೆ ನೆನಪಾಯಿತು. ಕೈ ಆಡದಿದ್ದರೂ ಹೆಗಲು ನೋಯುತ್ತದೆ ಎಂದು ನಜಮುನ್ನಿಸಾ ಹೇಳಿದಳು. ಸೊಂಟದವರೆಗೆ ಬಂದಾಗ, ದುಪ್ಪಟಿ ಸರಿಸದೆ, ಹಿಂಡಿದ ಬಟ್ಟೆಯನ್ನು ಶಾಂತಲಿಂಗಪ್ಪನ ಎಡಗೈಗೆ ಕೊಟ್ಟು, ತಾನು ಕಿಟಕಿಯ ಕಡೆ ತಿರುಗಿ ನಿಂತಳು. ಅವನು ದುಪ್ಪಟಿಯೊಳಗೇ ನಿಧಾನವಾಗಿ, ತನ್ನಷ್ಟಕ್ಕೆ ತಾನು ಒರೆಸಿಕೊಂಡ.

“ಅದು ನಾ ಮಾಡ್ತಿದ್ದೆನಲ್ಲಾ,” ಎಂದಳು ಗುರುಶಾಂತಮ್ಮ.

“ಅವರ ಕೈಗಿ ಆಗೂದು ಅವರು ಮಾಡ್ಲಿ ಬಿಡ್ರಿ. ಅವರಿಗೂ ಚಲೋ ಅನಸ್ತದ, ನನಗೂ ಸಂಕೋಚ ತಪ್ಪತದ.”

ನರ್ಸಬಾಯಿಗೂ ಸಂಕೋಚವಿರುತ್ತದೆ ಎಂಬುದು ಗುರುಶಾಂತಮ್ಮನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಹೀಗೆ ದಿನಗಳು ಸಾಗಿದವು. ಸೊಂಟದ ಕೆಂಪು ಹೋಯಿತು. ಗುರುಶಾಂತಮ್ಮನ ಅನುಮಾನ ಹೋಯಿತೆಂದಲ್ಲ. ಬೆನ್ನಿಗೆ ಬೇರೆ ನೀರು ಯಾಕೆ, ಈ ಬಟ್ಟೆ ಇನ್ನೊಂದು ಮನೆಯದಲ್ಲ ತಾನೇ, ನಿನ್ನೆಗಿಂತ ಇಂದು ಬೇಗ ಮುಗಿಯಿತಲ್ಲ ಎಂದು ಕೇಳುತ್ತಲೇ ಇದ್ದಳು. ನಜಮುನ್ನಿಸಾ ಕೆಲವಕ್ಕೆ ಉತ್ತರಿಸುತ್ತಿದ್ದಳು. ಕೆಲವಕ್ಕೆ, “ಅದು ನನಗೂ ಗೊತ್ತಿಲ್ರಿ, ಹಂಗ ಕಲಿಸ್ಯಾರ,” ಎನ್ನುತ್ತಿದ್ದಳು.

ಮುಂದಿನ ಚಳಿಗಾಲದಲ್ಲಿ ನಜಮುನ್ನಿಸಾ ಬರುವುದು ನಿಂತಿತು. ಬೆನ್ನು ಹಿಡಿದಿದೆ ಎಂದು ಶರಫುದ್ದೀನ ಬಂದು ಹೇಳಿ ಹೋದ. ಅದೇ ದಿನ ಚಂದಮ್ಮ ಸುದ್ದಿ ತಂದಳು: ನರ್ಸಬಾಯಿ ಅಫಜಲಪುರದ ಬಸ್ಸು ಹತ್ತಿದ್ದನ್ನು ನೋಡಿದವರಿದ್ದಾರೆ, ಅಲ್ಲಿ ದೊಡ್ಡ ಗೌಡರ ಮನೆಯಲ್ಲಿ ಮುದುಕಿಯೊಬ್ಬಳು ಹಾಸಿಗೆ ಹಿಡಿದಿದ್ದಾಳಂತೆ.

ಗುರುಶಾಂತಮ್ಮ ಒಂದು ದಿನ ತಡೆದಳು. ಎರಡನೆಯ ದಿನ ತಡೆಯಲಾಗಲಿಲ್ಲ. ಹೇಳದೆ ಕೇಳದೆ ಹೋಗಿ ಪರದೆ ಸರಿಸಿದಳು. ನಜಮುನ್ನಿಸಾ ಬರಿ ನೆಲದ ಮೇಲೆ ಚಾಪೆ ಹಾಸಿ ಅಂಗಾತ ಮಲಗಿದ್ದಳು, ಏಳಲು ಹೋಗಿ ‘ಯಾ ಅಲ್ಲಾ’ ಎಂದು ಮತ್ತೆ ಬಿದ್ದಳು. ನಮಾಜನ್ನೂ ಮಲಗಿಯೇ ಮಾಡುತ್ತಿದ್ದೇನೆ ಎಂದಳು. ಅಫಜಲಪುರಕ್ಕೆ ಹೋಗಿದ್ದು ಬೆನ್ನು ತಿಕ್ಕುವವರ ಹತ್ತಿರ.

“ನೋಡಾಕ ಬಂದೀರೇನ್ರಿ, ಪರೀಕ್ಷಾ ಮಾಡಾಕ ಬಂದೀರೇನ್ರಿ?” ಎಂದು ಕೇಳಿದಳು.

ಮುಖ ನೋಡಿ ಕೇಳಬೇಕೆಂದು ಆಗಿದ್ದ ಮಾತು. ಗುರುಶಾಂತಮ್ಮ ಸುಳ್ಳು ಹೇಳಲಿಲ್ಲ. “ಪರೀಕ್ಷಾ ಮಾಡಾಕ,” ಎಂದು ಚಾಪೆಯ ಪಕ್ಕ ಕೂತಳು. “ಹ್ಯಾಂಗಾಯ್ತಿದು?”

“ನಿಮ್ಮ ಮಂಚ ಭಾಳ ತೆಳಗದ್ರಿ. ದಿನಾ ಅಷ್ಟು ಬಗ್ಗಿ ಬಗ್ಗಿ...”

“ಮೊದಲೇ ಯಾಕ ಹೇಳಲಿಲ್ಲಾ?”

“ಹೇಳಿದ್ರ ಕೆಲಸ ತಪ್ಪಸಾಕ ನೆವಾ ಅಂತಿದ್ರಿ.”

ಗುರುಶಾಂತಮ್ಮ ಹಾಗೆಯೇ ಅನ್ನುತ್ತಿದ್ದಳು.

ಮರುದಿನ ಗೌಂಡಿ ಹುಲೆಪ್ಪ ಬಂದು, ಮಂಚದ ನಾಲ್ಕೂ ಕಾಲಿನ ಕೆಳಗೆ ಫರಸಿಕಲ್ಲಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಸುಣ್ಣದ ಗಾರೆ ಕಟ್ಟಿದ. ಎಷ್ಟು ಎತ್ತರ ಬೇಕೆಂದು ತಿಳಿಯಲು ಗುರುಶಾಂತಮ್ಮ ನಜಮುನ್ನಿಸಾಳ ಹಿಮ್ಮಡಿಯಿಂದ ಸೊಂಟದವರೆಗೆ ಹಿಡಿದು ನೋಡಿದ ದಾರವನ್ನು ಹುಲೆಪ್ಪನ ಕೈಗೆ ಕೊಟ್ಟಿದ್ದಳು. ಗಾರೆ ಒಣಗಿದ ಮೇಲೆ ಶಾಂತಲಿಂಗಪ್ಪನನ್ನು ದಶರಥ ಮತ್ತು ಹುಲೆಪ್ಪ ಎತ್ತಿ ಮಲಗಿಸಿದರು. ಆಗ ಯಾರೂ ಎಣಿಸದ ಒಂದು ಸಂಗತಿಯಾಯಿತು. ಅಷ್ಟು ದಿನ ಗೋಡೆ ಮತ್ತು ಜಂತಿ ಬಿಟ್ಟು ಏನೂ ಕಾಣದವನಿಗೆ ಈಗ ಕಿಟಕಿಯ ಕಟ್ಟೆಯಾಚೆಗೆ ಬಜಾರಿನ ದಾರಿ ಕಂಡಿತು. ತೊಗರಿ ಚೀಲ ಹೇರಿದ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಗಾಡಿಯ ಮೇಲಿದ್ದವನೊಬ್ಬ ಗುರುತು ಹಿಡಿದು, “ಶರಣ್ರಿ ಸಾವುಕಾರ್ರ!” ಎಂದು ಕೈ ಮುಗಿದ. ಶಾಂತಲಿಂಗಪ್ಪ ಎಡಗೈಯನ್ನು ಹಣೆಗೆ ಮುಟ್ಟಿಸಿ, ಹಳೆಯ ಗಂಟಲಿನಲ್ಲಿ, ಓಣಿಗೆಲ್ಲ ಕೇಳುವ ಹಾಗೆ ಕೂಗಿದ, “ಬ್ಯಾಡ!”

ಗಾಡಿಯವನು ನಕ್ಕ. ಗುರುಶಾಂತಮ್ಮನೂ ನಕ್ಕಳು, ಆ ಮನೆಯಲ್ಲಿ ಬಹಳ ದಿನದ ಮೇಲೆ.

ನಜಮುನ್ನಿಸಾ ಚೇತರಿಸಿಕೊಳ್ಳುವವರೆಗೆ ಜಳಕ ಮಾಡಿಸಿದ್ದು ಗುರುಶಾಂತಮ್ಮನೇ, ಕೈಗೆ ಪಟ್ಟಿ ಸುತ್ತಿಕೊಂಡು, ಪ್ರತಿ ಸಲ ಮುಟ್ಟುವ ಮೊದಲು ಹೇಳಿ. ಮೊದಮೊದಲು ಅವಳಿಗೆ ನಾಚಿಕೆಯಾಗುತ್ತಿತ್ತು. ಗಂಡನಿಗೆ “ಈಗ ಕಾಲು ಹಿಡಿತೇನ್ರಿ” ಎಂದು ಅನುಮತಿ ಕೇಳುವುದು! ಅವನು ತಲೆಯಾಡಿಸಿದ. ಅವನು ತನಗೆ ತಲೆಯಾಡಿಸಿದ್ದು ಅದೇ ಮೊದಲು. ಅವಳು ಬಟ್ಟೆ ಹಿಂಡುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು. ಬೆನ್ನು ಸರಿಯಾಗಿ ತಿರುಗಿ ಬಂದ ನಜಮುನ್ನಿಸಾಗೆ ಬಗ್ಗುವ ಕೆಲಸ ಉಳಿದಿರಲಿಲ್ಲ, ನೆಟ್ಟಗೆ ನಿಂತೇ ಮುಗಿಸುತ್ತಿದ್ದಳು. ಇಬ್ಬರೂ ಮಂಚದ ಎರಡು ಬದಿಗೆ ನಿಂತು ಮೂರು ವರ್ಷ ಆ ಕೆಲಸ ಮಾಡಿದರು.

ಎಂಬತ್ತಾರರ ಬೇಸಿಗೆಯಲ್ಲಿ ಎರಡನೆಯ ಸಲ ಲಕ್ವಾ ಹೊಡೆದು ಶಾಂತಲಿಂಗಪ್ಪ ತೀರಿಕೊಂಡ. ಕೊನೆಯ ಜಳಕಕ್ಕೆ ಅವನ ಬಟ್ಟೆ ಬಿಚ್ಚಿದ ಬಂಧುಗಳು ಬೆರಗಾದರು. ನಾಲ್ಕು ವರ್ಷ ಹಾಸಿಗೆಯಲ್ಲಿದ್ದ ಮೈಯಲ್ಲಿ ಒಂದು ಹುಣ್ಣಿರಲಿಲ್ಲ. ದಿನಕರ್ಮಗಳೆಲ್ಲ ಮುಗಿದ ಮೇಲೆ ಚಂದಮ್ಮ ಹಿತ್ತಿಲ ಗೋಡೆಯ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು, “ನಮ್ಮತ್ತಿ ಹಾಸಿಗಿ ಹಿಡದಾಳ ಬೇ. ಅಣ್ಣಗ ಏನ ಹಚ್ಚತಿದ್ರಿ, ಖರೇ ಹೇಳು. ಯಾವ ಎಣ್ಣಿ?”

“ಎಣ್ಣಿ ಏನೂ ಇಲ್ಲಾ. ನೀರು, ಸಾಬೂನು, ಬಟ್ಟಿ.”

ಚಂದಮ್ಮ ನಂಬಲಿಲ್ಲ. ಗುರುಶಾಂತಮ್ಮ ಅವಳ ಜೊತೆ ವಾದಿಸಲೂ ಹೋಗಲಿಲ್ಲ. ಸೆರಗು ಸಿಕ್ಕಿಸಿ ಅವಳ ಮನೆಯೊಳಗೆ ಹೋಗಿ, ಮುದುಕಿಯ ಹಾಸಿಗೆ ಒದ್ದೆಯಿದೆಯೇ ಎಂದು ಕೈಯಿಟ್ಟು ನೋಡಿ, ಮೂಸಿ ನೋಡಿ, “ಮೊದಲ ಈ ಬಾಗಲಾ ಹಾಕು,” ಎಂದಳು. ಆಮೇಲೆ ಮುದುಕಿಯ ಕಿವಿಯ ಹತ್ತಿರ ಬಾಗಿದಳು.